ಹೊರಗೆ ಹಂಪಿ, ಒಳಗೆ ಉಜ್ಜಿನಿ, ಕೈಯಲ್ಲಿ ಯಾವ ಲೆನ್ಸು?

ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಅಂತ ನಮ್ಮ ಕಡೆ ಒಂದು ಮಾತಿದೆ. ಉಜ್ಜಿನಿಯ ಮರುಳಸಿದ್ಧೇಶ್ವರ ಗುಡಿಯೊಳಗಿನ ಕಂಬ, ಮೇಲ್ಛಾವಣಿಯ ಕೆತ್ತನೆ ಕಂಡವರು ಹುಟ್ಟಿಸಿದ ಮಾತು. ಹೊಸದಾಗಿ ಕ್ಯಾಮೆರಾ ಕೊಂಡ ಹುಡುಗರು ‘ಸರ್, ಯಾವ ಲೆನ್ಸ್ ತಗೊಳ್ಳಲಿ’ ಎಂದು ಕೇಳಿದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ. ನನ್ನ ಮೊದಲ ದುಬಾರಿ ಲೆನ್ಸು ಹಿಡಿದು ನಾನು ಮೊದಲು ಹೋದದ್ದು ಆ ಗುಡಿಗೆ. ಒಂದೂ ಚಿತ್ರ ಸಿಗದೆ ಹೊರಬಂದೆ.

ಅದು 150-600ರ ಜೂಮ್. ಸೆಕೆಂಡ್ ಹ್ಯಾಂಡ್. ಎರಡು ಕೆ.ಜಿ.ಗೆ ತುಸು ಕಡಿಮೆ ತೂಕ. ಮಂಟಪದ ಕಂಬದೆದುರು ನಿಂತು ಕಣ್ಣಿಗೆ ಹಿಡಿದರೆ ಬರೀ ಮಂಜು. ಫೋಕಸ್ ಮೋಟರು ಹಿಂದಕ್ಕೂ ಮುಂದಕ್ಕೂ ಗುರ್ ಎನ್ನುತ್ತಿತ್ತು. ಕೆಟ್ಟ ಮಾಲು ಗಂಟು ಹಾಕಿದ್ದಾರೆ ಎಂದೇ ಎಣಿಸಿ ಮಾರಿದವನನ್ನು ಮನಸ್ಸಿನಲ್ಲೇ ಬೈದೆ. ಲೆನ್ಸು ಸರಿಯಾಗಿಯೇ ಇತ್ತು. ಆ ಜಾತಿಯ ಲೆನ್ಸುಗಳಿಗೆ ಸುಮಾರು ಎರಡೂಮುಕ್ಕಾಲು ಮೀಟರಿಗಿಂತ ಹತ್ತಿರ ಇರುವುದು ಕಾಣುವುದೇ ಇಲ್ಲ ಎಂಬುದು ನನಗೆ ಗೊತ್ತಿರಲಿಲ್ಲ, ಅಷ್ಟೆ. ಕಂಬಕ್ಕೊರಗಿ ಕೂತಿದ್ದ ಅಜ್ಜನೊಬ್ಬ ನನ್ನ ಒದ್ದಾಟ ನೋಡಿ, “ಅಷ್ಟುದ್ದ ಐತಿ, ಎದುರಿಗಿನ ಕಂಬ ಕಾಣಂಗಿಲ್ಲೇನ್ ತಮ್ಮಾ?” ಅಂದ. ಲೆನ್ಸುಗಳ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಅದು.

ನಮ್ಮಲ್ಲಿ ಹವ್ಯಾಸಿಗಳು ಲೆನ್ಸು ಆರಿಸುವ ಪದ್ಧತಿಯೇ ಹೀಗೆ. ‘ಎಷ್ಟು ಜೂಮ್ ಆಗುತ್ತೆ’ ಎಂಬುದು ಮೊದಲ ಪ್ರಶ್ನೆ. 250ಕ್ಕಿಂತ 300 ಮೇಲು, 300ಕ್ಕಿಂತ 600 ಮೇಲು. ಬಾಡಿಯ ಜೊತೆ ಬರುವ 18-55 ಕಿಟ್ ಲೆನ್ಸು ಮಾತ್ರ ಮದುವೆಯಲ್ಲಿ ಮುಯ್ಯಿ ಬಂದ ಸ್ಟೀಲ್ ತಟ್ಟೆಯ ಹಾಗೆ ಕಪಾಟು ಸೇರುತ್ತದೆ. ಅದನ್ನು ಹಾಕಿಕೊಂಡು ನಾಲ್ಕು ಜನರ ಮುಂದೆ ನಿಲ್ಲಲು ನಾಚಿಕೆ. ಆ ನಾಚಿಕೆ ನನಗೂ ಇತ್ತು, ಅದಕ್ಕೆ ಸಾಕಷ್ಟು ದುಡ್ಡನ್ನೂ ತೆತ್ತಿದ್ದೇನೆ.

ಆದರೆ ದೂರದ್ದನ್ನು ಎಳೆದು ತರುವುದು ಲೆನ್ಸಿನ ಹಲವು ಕೆಲಸಗಳಲ್ಲಿ ಒಂದು. ಚಿತ್ರದಲ್ಲಿ ಯಾವುದರ ಮುಂದೆ ಯಾವುದು ಬರುತ್ತದೆ, ಬಂಡೆಯ ಹಿಂದಿನಿಂದ ಗೋಪುರ ಎಷ್ಟು ಇಣುಕುತ್ತದೆ ಎಂಬುದನ್ನು ತೀರ್ಮಾನಿಸುವುದು ನಾವು ನಿಂತ ಜಾಗ. ಲೆನ್ಸು ಅದರಲ್ಲಿ ಎಷ್ಟು ಅಗಲ ಕತ್ತರಿಸಿಕೊಳ್ಳಬೇಕು ಎಂದಷ್ಟೇ ಹೇಳುತ್ತದೆ. ಇದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಇದೆ. 1856ರಲ್ಲಿ ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಚಿತ್ರಗಳನ್ನು ತೆಗೆದ. ಪೆಟ್ಟಿಗೆಯಂಥ ಕ್ಯಾಮೆರಾ, ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್. ಜೂಮ್ ಎಂಬ ಮಾತೇ ಇಲ್ಲ. ಬೇಕಾದ್ದು ಬೇಕಾದಷ್ಟು ಕಾಣಬೇಕೆಂದರೆ ಪೆಟ್ಟಿಗೆ, ಮುಕ್ಕಾಲಿ ಎಲ್ಲ ಹೊತ್ತು ನಡೆಯಬೇಕು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಆ ಚಿತ್ರಗಳನ್ನು ಕೈಯಲ್ಲಿ ಹಿಡಿದು ಬಂದು, ಗ್ರೀನ್‌ಲಾ ನಿಂತಲ್ಲೇ ನಿಂತು ಮತ್ತೆ ತೆಗೆದರು. ಆ ಜಾಗ ಹುಡುಕಲು ಸಾಧ್ಯವಾದದ್ದಾದರೂ ಹೇಗೆ? ಬಂಡೆ ಮತ್ತು ಕಂಬ ಒಂದರ ಮೇಲೊಂದು ಕೂರುವ ರೀತಿ ಆ ಒಂದು ಜಾಗದಿಂದಷ್ಟೇ ಹಾಗೆ ಕಾಣುತ್ತದೆ. ನಡುವಿನ 127 ವರ್ಷಗಳಲ್ಲಿ ಕ್ಯಾಮೆರಾ ಏನೆಲ್ಲ ಆಗಿಹೋಗಿತ್ತು, ನಿಲ್ಲುವ ಜಾಗ ಮಾತ್ರ ಅದೇ.

ಉಜ್ಜಿನಿಗೆ ಎರಡನೆಯ ಸಲ ಕಿಟ್ ಲೆನ್ಸು ಹಿಡಿದು ಹೋದೆ. ಮೊದಲು ಕೇಳಿ ಒಪ್ಪಿಗೆ ಪಡೆದೆ, ಫ್ಲ್ಯಾಶ್ ತೆಗೆಯಲೇ ಇಲ್ಲ. ಕತ್ತಲ ಗುಡಿಗೆ ಅಪರ್ಚರ್ ದೊಡ್ಡದಿರುವ ಲೆನ್ಸೇ ಬೇಕು ಎಂದು ಬಲ್ಲವರೆಲ್ಲ ಹೇಳುತ್ತಾರೆ. ಅರ್ಧ ಸತ್ಯ. ಕಲ್ಲು ಅಲ್ಲಾಡುವುದಿಲ್ಲ. ನೆಲದ ಮೇಲೆ ಟವೆಲ್ ಮಡಿಸಿ ಹಾಸಿ, ಅದರ ಮೇಲೆ ಕ್ಯಾಮೆರಾವನ್ನು ಅಂಗಾತ ಮಲಗಿಸಿ, 18 ಎಂ.ಎಂ., ಎಫ್ 8, ಐಎಸ್‌ಒ 200 ಇಟ್ಟು ಹತ್ತು ಸೆಕೆಂಡಿನ ಟೈಮರ್ ಒತ್ತಿ ಪಕ್ಕಕ್ಕೆ ಸರಿದು ಕೂತೆ. ಶಟರ್ ಎರಡು ಸೆಕೆಂಡು ತೆರೆದೇ ಇತ್ತು. ಛಾವಣಿ ಮೂರು ಮೀಟರ್ ಮೇಲಿದ್ದರೆ 18ರಲ್ಲಿ ಹೆಚ್ಚು ಕಡಿಮೆ ನಾಲ್ಕು ಮೀಟರ್ ಅಗಲ ಸಿಗುತ್ತದೆ. ಕೆತ್ತನೆಯ ಸಂದಿಯಲ್ಲಿ ಕೂತ ಧೂಳೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ಟ್ರೈಪಾಡ್ ಕೂಡ ಬೇಕಾಗಲಿಲ್ಲ, ಟವೆಲ್ ಸಾಕಾಯಿತು.

ದೊಡ್ಡ ಅಪರ್ಚರ್ ಬೇಕಾಗುವುದು ಮನುಷ್ಯರು ಬಂದಾಗ. ದೀಪದ ಬೆಳಕಿನಲ್ಲಿ ಆರತಿ ತಗೊಳ್ಳುವ ಅಜ್ಜಿಯ ಕೈ ಎರಡು ಸೆಕೆಂಡು ನಿಲ್ಲುವುದಿಲ್ಲ. ಅಲ್ಲಿ 50 ಎಂ.ಎಂ. ಎಫ್ 1.8 ತನ್ನ ಬೆಲೆ ತೋರಿಸುತ್ತದೆ. ಕಿಟ್ ಲೆನ್ಸಿನ ತುದಿಯ ಎಫ್ 5.6ಕ್ಕೆ ಹೋಲಿಸಿದರೆ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು, ಬೆಲೆ ಹತ್ತು ಸಾವಿರದ ಆಸುಪಾಸು, ತೂಕ ಒಂದು ಲೋಟ ಚಹಾದಷ್ಟು. ಆದರೆ ಇದನ್ನೂ ಹೊಗಳಿ ಹೊಗಳಿ ಹಾಳು ಮಾಡಿದ್ದಾರೆ. ಎರಡು ಮೀಟರ್ ದೂರದ ಮುಖಕ್ಕೆ 1.8 ಇಟ್ಟರೆ ಸ್ಪಷ್ಟವಾಗಿ ಬರುವ ಆಳ ಅರ್ಧ ಗೇಣು. ಹಿಂದಿನದೆಲ್ಲ ಬೆಣ್ಣೆಯಂತೆ ಕರಗಿಹೋಗುತ್ತದೆ, ನೋಡುವವರು ವಾಹ್ ಅನ್ನುತ್ತಾರೆ. ಉಜ್ಜಿನಿಯ ಕಂಬದ ಮುಂದೆ ನಿಲ್ಲಿಸಿ ಕಂಬವನ್ನೇ ಕರಗಿಸಿದ ಮೇಲೆ ಅಷ್ಟು ದೂರ ಹೋದದ್ದೇಕೆ? ಆ ಚಿತ್ರವನ್ನು ಮನೆ ಅಂಗಳದಲ್ಲೂ ತೆಗೆಯಬಹುದಿತ್ತು. ಇನ್ನೊಂದು ಮಾತು: ಸಣ್ಣ ಸೆನ್ಸರಿನ ಕ್ಯಾಮೆರಾಗೆ 50 ಹಾಕಿದರೆ 75, 80ರಂತೆ ಕೆಲಸ ಮಾಡುತ್ತದೆ. ನಮ್ಮ ಕಡೆಯ ಮನೆಗಳ ಪಡಸಾಲೆಯಲ್ಲಿ ಹಿಂದೆ ಸರಿಯುತ್ತ ಸರಿಯುತ್ತ ಗೋಡೆಗೆ ಬೆನ್ನು ತಾಗಿದರೂ ಮನೆಯವರೆಲ್ಲ ಹಿಡಿಸುವುದಿಲ್ಲ. ಮನೆಯೊಳಗೆ 35 ಮೇಲು.

ಉಜ್ಜಿನಿಯ ವೈಶಾಖದ ಜಾತ್ರೆಗೆ ಬಂದರೆ ಲೆಕ್ಕ ಮತ್ತೆ ಬದಲು. ತೇರಿನ ನಂತರ ಗುಡಿಯ ಶಿಖರಕ್ಕೆ ತೈಲಾಭಿಷೇಕ. ಜರಿಮಲೆ ಪಾಳೆಗಾರರ ಮನೆತನದಿಂದ ಬಂದ ಎಣ್ಣೆ ಮೊದಲು, ಆಮೇಲೆ ಭಕ್ತರದ್ದು. ಶಿಖರ ಹತ್ತಿದವರು ಕೊಡ ಬಗ್ಗಿಸುತ್ತಿದ್ದಂತೆ ಒಣಗಿದ ಕಲ್ಲು ಮೇಲಿನಿಂದ ಕೆಳಕ್ಕೆ ಕಪ್ಪಾಗುತ್ತ, ಮಿರುಗುತ್ತ ಬರುತ್ತದೆ. ಕೆಳಗೆ ಊರೆಲ್ಲ ತಲೆ ಎತ್ತಿ ನಿಂತಿರುತ್ತದೆ. ಉದ್ದ ಲೆನ್ಸಿನಲ್ಲಿ ಒಂದು ಕೊಡ, ಎರಡು ತೋಳು ಸಿಗುತ್ತವೆ. ಅದು ಯಾವ ಊರಿನದಾದರೂ ಆಗಿರಬಹುದು. ತೀರಾ ಅಗಲದ ಲೆನ್ಸಿನಲ್ಲಿ ಶಿಖರ ಬೆಲ್ಲದಚ್ಚಿನಷ್ಟಾಗುತ್ತದೆ. ಪಕ್ಕದ ಮನೆಯವರನ್ನು ಕೇಳಿ ಮಾಳಿಗೆ ಹತ್ತಿದರೆ ಕಡಿಮೆ ಬೆಲೆಯ 55-250 ಇದಕ್ಕೆ ಹೇಳಿ ಮಾಡಿಸಿದ್ದು. ಜನರ ಸಮುದ್ರಕ್ಕೆ ಜೇಬಿನ ಮೊಬೈಲೇ ಸಾಕು. ಮೊಬೈಲನ್ನು ಹೀಗಳೆಯುವ ಕ್ಯಾಮೆರಾದವರ ಜಂಬ ನನಗೆ ಅರ್ಥವಾಗಿಲ್ಲ.

ಜಾತ್ರೆಯಲ್ಲಿ ಲೆನ್ಸು ಬದಲಿಸುವ ಹಾಗಿಲ್ಲ. ಮಲೆನಾಡಿನವರಿಗೆ ಫಂಗಸ್ಸಿನ ಕಾಟ, ಅವರು ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಮುಚ್ಚಿಡುತ್ತಾರೆ. ನಮಗೆ ಧೂಳು. ತೇರು ಎಳೆಯುವ ಬೀದಿಯಲ್ಲಿ ಬಾಡಿ ತೆರೆದು ಒಂದು ನಿಮಿಷ ಹಿಡಿದರೆ ಆಮೇಲಿನ ಪ್ರತಿ ಚಿತ್ರದ ಆಕಾಶದಲ್ಲಿ ಕಪ್ಪು ಚುಕ್ಕೆ. ನಾಲ್ಕು ಲೆನ್ಸು ತುಂಬಿದ ಬ್ಯಾಗು ಹೊತ್ತು ಬಂದವರು ಹಾಕಿಕೊಂಡ ಒಂದರಲ್ಲೇ ಇಡೀ ದಿನ ಕಳೆಯುವುದನ್ನು ಕಂಡಿದ್ದೇನೆ.

ಹಾಗಾದರೆ ಉದ್ದ ಲೆನ್ಸಿಗೆ ಜಾಗವೇ ಇಲ್ಲವೇ? ಇದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ. 98.76 ಹೆಕ್ಟೇರಿನ ಹಳೆಯ ಕೆರೆ, ನೀರಲ್ಲಿ ನಿಂತ ಜಾಲಿ ಮರಗಳು, ಅವುಗಳ ಮೇಲೆ ಬಣ್ಣದ ಕೊಕ್ಕರೆ, ಬಾಯ್ಕಳಕಗಳ ಗೂಡು. 2024ರ ಜನವರಿಯಲ್ಲಿ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಇಲ್ಲಿ ಹತ್ತಿರ ಹೋಗಬಾರದು, ಗೂಡು ಬಿಟ್ಟು ಹಕ್ಕಿ ಎದ್ದರೆ ಮರಿ ಬಿಸಿಲಿಗೆ ಬೇಯುತ್ತದೆ. ಒಂದು ಕಾಲಕ್ಕೆ ಗೂಡಿನ ಹತ್ತಿರವೇ ಮರೆ ಕಟ್ಟಿ ಕೂತು ತೆಗೆಯುವುದು ದೊಡ್ಡ ವಿದ್ಯೆಯಾಗಿತ್ತು. ಛಾಯಾಗ್ರಾಹಕ ಓ.ಸಿ. ಎಡ್ವರ್ಡ್ಸ್ ಅವರ ಗರಡಿಯಲ್ಲಿ ಬೆಳೆದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರಿಗೆ ಆ ಶಿಸ್ತು, ಆ ತಾಳ್ಮೆ ಇತ್ತು. ವಾರಕ್ಕೊಂದು ಭಾನುವಾರ ಬರುವ ನಮಗಿಲ್ಲ. ಹಾಗಾಗಿ ದೂರ ನಿಂತು ತೆಗೆಯಲು 600 ಬೇಕೇ ಬೇಕು ಎಂಬ ವಾದವನ್ನು ಒಪ್ಪುತ್ತೇನೆ.

ಒಪ್ಪಿದ ಮೇಲೂ ಒಂದು ತಕರಾರು. ಅರವತ್ತು ಮೀಟರ್ ದೂರದ ಕೊಂಬೆಯನ್ನು 600ರಲ್ಲಿ ಹಿಡಿದರೆ ಸುಮಾರು ಎರಡೂಕಾಲು ಮೀಟರ್ ಅಗಲದ ಜಾಗ ಕಾಣುತ್ತದೆ. ಚೌಕಟ್ಟಿನ ತುಂಬ ಒಂದು ಕೊಕ್ಕರೆ, ಹಿಂದೆ ಹಸಿರು ಮಸುಕು. ಅಂಕಸಮುದ್ರದಿಂದ ಬರುವ ನೂರು ಚಿತ್ರಗಳಲ್ಲಿ ತೊಂಬತ್ತು ಇವೇ. ಯಾರದು ಯಾವುದು ಎಂದು ಗುರುತಿಸಲಾಗದು. ಅದೇ ಕೊಂಬೆಯನ್ನು 250ರಲ್ಲಿ ನೋಡಿದರೆ ಐದೂವರೆ ಮೀಟರ್ ಅಗಲ. ಒಂದೇ ಜಾಲಿಯಲ್ಲಿ ನಾಲ್ಕಾರು ಗೂಡು, ಪಕ್ಕದವರ ಕಡ್ಡಿ ಕದಿಯುವ ಹಕ್ಕಿ, ಕೆಳಗೆ ನೀರು. ಬೇಸಿಗೆಯಲ್ಲಿ ಹತ್ತು ಗಂಟೆಯಾದ ಮೇಲಂತೂ ಬಳ್ಳಾರಿ ಸೀಮೆಯ ಬಿಸಿಲ್ಗುದುರೆಯೇ ಲೆನ್ಸಿನೊಳಗೆ ಕುಣಿಯುತ್ತದೆ. ಲಕ್ಷ ಕೊಟ್ಟ ಗಾಜೂ ಕಾದ ಗಾಳಿಯನ್ನು ದಾಟಿ ಸ್ಪಷ್ಟವಾಗಿ ನೋಡಲಾರದು. ದೂರ ಹೆಚ್ಚಿದಷ್ಟೂ ನಡುಕ ಹೆಚ್ಚು.

ಕೇಳುವ ಹುಡುಗರಿಗೆ ನಾನೀಗ ಹೇಳುವುದಿಷ್ಟು. ಕಿಟ್ ಲೆನ್ಸನ್ನು ಮಾರಬೇಡಿ, ಒಂದು ವರ್ಷ ಅದೊಂದನ್ನೇ ಬಳಸಿ. ಆಮೇಲೆ ಕಂಪ್ಯೂಟರಿನಲ್ಲಿ ನಿಮ್ಮ ಚಿತ್ರಗಳ ಮಾಹಿತಿ ತೆರೆದು, ಎಷ್ಟು 18ರಲ್ಲಿವೆ, ಎಷ್ಟು 55ರಲ್ಲಿವೆ ಎಣಿಸಿ. 18ರಲ್ಲೇ ತುಂಬಿದ್ದರೆ ಇನ್ನೂ ಅಗಲದ್ದು, 55ಕ್ಕೆ ತಾಗಿ ನಿಂತಿದ್ದರೆ 55-250. ಬೆಳಕಿಲ್ಲದೆ ಕೆಟ್ಟವೇ ಹೆಚ್ಚಿದ್ದರೆ 35 ಅಥವಾ 50. ಸೆಕೆಂಡ್ ಹ್ಯಾಂಡ್ ಆದರೆ ಗಾಜಿನ ಮೂಲಕ ಮೊಬೈಲ್ ಟಾರ್ಚ್ ಬಿಟ್ಟು ಜೇಡರ ಬಲೆಯಂಥ ಫಂಗಸ್ ಇದೆಯೇ ನೋಡಿ. ಎದುರಿಗಿನ ಕಂಬಕ್ಕೂ ಒಮ್ಮೆ ಫೋಕಸ್ ಮಾಡಿ ನೋಡಿ.

ನನ್ನ 150-600 ಈಗ ಹಗರಿಬೊಮ್ಮನಹಳ್ಳಿಯ ಗೆಳೆಯನ ಮನೆಯಲ್ಲಿದೆ, ಅರ್ಧ ದುಡ್ಡು ಅವನದು. ಅಂಕಸಮುದ್ರಕ್ಕೆ ಹೋದ ದಿನ ಬೆಳಿಗ್ಗೆ ಇಸಿದುಕೊಂಡು, ಬಿಸಿಲೇರುವ ಹೊತ್ತಿಗೆ ವಾಪಸು ಕೊಟ್ಟು ಬರುತ್ತೇನೆ.