‘ವಂಶವೃಕ್ಷ’ದಲ್ಲಿ ಗುರುವಿನ ಹಿರಿತನ

ಸದ್ಭಕ್ತರೂ ಶ್ರೀಮಠದ ಹಳೆಯ ವಿದ್ಯಾರ್ಥಿಗಳೂ ಆದ ನಿಮ್ಮಲ್ಲಿ ಅನೇಕರು ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ವನ್ನು ಓದಿದ್ದೀರಿ. 1965ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ಸಂಪ್ರದಾಯ ಮತ್ತು ಆಧುನಿಕತೆಗಳ ಸಂಘರ್ಷವೆಂದು ವಿವರಿಸುವುದು ರೂಢಿ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಜನಿಸಿ, ಬಹುಕಾಲ ಅಧ್ಯಾಪಕರಾಗಿದ್ದು, 2025ರಲ್ಲಿ ನಮ್ಮನ್ನಗಲಿದ ಈ ಲೇಖಕರು ಇದರಲ್ಲಿ ಗುರುಶಿಷ್ಯರ ಕಥೆಯನ್ನೂ ಹೆಣೆದಿದ್ದಾರೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಪ್ರಾಧ್ಯಾಪಕ ಸದಾಶಿವರಾಯರನ್ನೇ ನೋಡೋಣ. ಅವರು ಗದರಿಸುವ ಗುರುವಲ್ಲ, ಉದಾಸೀನರೂ ಅಲ್ಲ. ಭಾರತೀಯ ಸಂಸ್ಕೃತಿಯ ಇತಿಹಾಸವನ್ನು ಸಂಪುಟಗಳಲ್ಲಿ ರಚಿಸುವ ಮಹಾಸಂಕಲ್ಪವೇ ಅವರ ಆಕರ್ಷಣೆ. ಸಿಂಹಳದಿಂದ ಸಂಶೋಧನೆಗೆ ಬಂದ ಕರುಣಾರತ್ನೆ ಆ ಸಂಕಲ್ಪದಲ್ಲಿ ತನ್ನನ್ನೇ ಕರಗಿಸಿಕೊಂಡು, ಕೊನೆಗೆ ಅವರ ಎರಡನೆಯ ಪತ್ನಿಯಾಗುತ್ತಾಳೆ. ವಿದ್ವತ್ತು ಬೆಳೆಯಿತು; ಆದರೆ ಗುರುವಿನ ಗ್ರಂಥದಿಂದಾಚೆಗೆ ಶಿಷ್ಯೆಗೆ ಬಾಳು ಉಳಿಯಿತೇ? ಕುರ್ಟ್ ಲೆವಿನ್ ಮತ್ತು ಸಂಗಡಿಗರು 1939ರಲ್ಲಿ ಬಾಲಕರ ಗುಂಪುಗಳನ್ನು ಪರೀಕ್ಷಿಸಿ, ಅಧಿಕಾರಶಾಹಿ, ಪ್ರಜಾಸತ್ತಾತ್ಮಕ, ಹೊಣೆಬಿಟ್ಟ ಎಂಬ ಮೂರು ಬಗೆಯ ನಾಯಕತ್ವವನ್ನು ವಿವರಿಸಿದರು. ಮೋಹಗೊಳಿಸುವ ಈ ನಾಯಕತ್ವ ಆ ಮೂರರಲ್ಲಿ ಯಾವುದಕ್ಕೂ ಸೇರದು.

ಶ್ರೀನಿವಾಸ ಶ್ರೋತ್ರಿಗಳ ಹಿರಿತನ ಇನ್ನೂ ಸೂಕ್ಷ್ಮವಾದುದು. ವಿಧವೆ ಸೊಸೆ ಕಾತ್ಯಾಯನಿಯನ್ನು ಅವರು ಕಾಲೇಜಿಗೆ ಕಳುಹಿಸುತ್ತಾರೆ. ಪುನರ್ವಿವಾಹವಾದ ಅವಳು ಮಗನನ್ನು ಕೇಳಿದಾಗ ತಡೆಯದೆ, ನಿರ್ಧಾರವನ್ನು ಅವಳ ಅಂತಃಸಾಕ್ಷಿಗೇ ಬಿಡುತ್ತಾರೆ. ಬಲಾತ್ಕಾರವಿಲ್ಲ, ಆದರೂ ಅವಳು ಆ ಔದಾರ್ಯದ ಭಾರದಲ್ಲೇ ಕುಸಿಯುತ್ತಾಳೆ. ಆಜ್ಞೆ ಮಾಡದ ಹಿರಿಯರೂ ಕಿರಿಯರ ಮನಸ್ಸಿನಲ್ಲಿ ಅಪರಾಧಭಾವವನ್ನು ಬಿತ್ತಬಲ್ಲರು. ಮುಂದೆ ಕಾತ್ಯಾಯನಿ ಅಧ್ಯಾಪಕಿಯಾದಾಗ ಅವಳ ಮಗ ಚೀನಿಯೇ ಅವಳ ತರಗತಿಯಲ್ಲಿ ಕುಳಿತಿರುತ್ತಾನೆ. ಪಾಠ ನಡೆಯುತ್ತದೆ, ಎರಡು ಹೃದಯಗಳು ಬೇಯುತ್ತವೆ.

ನಮ್ಮ ಆಕ್ಷೇಪ ಇಲ್ಲಿದೆ. ಲೇಖಕರು ಈ ವೇದನೆಯನ್ನು ಧರ್ಮಾಧರ್ಮಗಳ ಫಲವೆಂಬಂತೆ ಚಿತ್ರಿಸುವಲ್ಲಿ ಅಪ್ರತಿಮರು. ಆದರೆ ಅವಳ ಒಳಗುದಿಯನ್ನು ತೀರ್ಪು ನೀಡದೆ ಆಲಿಸುವ ಗುರುವೊಬ್ಬನನ್ನು ಕಾದಂಬರಿ ಅವಳಿಗೆ ಕೊಡುವುದಿಲ್ಲ.

ಆ ಕೊರತೆ ಪುಸ್ತಕದೊಳಗೇ ಉಳಿದಿಲ್ಲ. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044 ಮಂದಿ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಕೇಂದ್ರದ ವರದಿ ಹೇಳುತ್ತದೆ. ನೂರು ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರಿರಬೇಕೆಂದು ಸರ್ವೋಚ್ಚ ನ್ಯಾಯಾಲಯ 2025ರ ಜುಲೈನಲ್ಲಿ ನಿರ್ದೇಶಿಸಿತು. ಇದು ಸ್ವಾಗತಾರ್ಹ. ಆದರೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹಳ್ಳಿಗಳಿಂದ ಹಾಸನದ ಕಾಲೇಜುಗಳಿಗೆ ಬರುವ ಮಕ್ಕಳು ದಿನವೂ ಕಾಣುವುದು ತಮ್ಮ ಅಧ್ಯಾಪಕರನ್ನು. ಸಮಾಲೋಚಕರ ಬಾಗಿಲು ತಟ್ಟುವ ಧೈರ್ಯವನ್ನೂ ಅಧ್ಯಾಪಕರ ಒಂದು ಮೃದುವಾದ ಮಾತೇ ಕೊಡಬೇಕು.

ಶರಣರು ಅರಿವನ್ನೇ ಗುರುವೆಂದು ಕಂಡರು. ಶಿಷ್ಯನು ಕೊನೆಗೆ ತನ್ನ ಅರಿವಿನ ಮೇಲೆ ತಾನೇ ನಿಲ್ಲಬೇಕೆಂಬುದು ಅದರ ತಾತ್ಪರ್ಯ. ತನ್ನ ಸಂಕಲ್ಪಕ್ಕೆ ಶಿಷ್ಯನನ್ನು ಬಳಸಿಕೊಳ್ಳದೆ, ತನ್ನ ಔದಾರ್ಯದ ಋಣದಲ್ಲೂ ಅವನನ್ನು ಕಟ್ಟಿಹಾಕದೆ ಇರುವವನೇ ಗುರು. ಮಠದ ಪ್ರಸಾದವುಂಡು ಇಂದು ಅಧ್ಯಾಪಕರಾಗಿರುವವರು ಈ ದೃಷ್ಟಿಯಿಂದ ‘ವಂಶವೃಕ್ಷ’ವನ್ನು ಮತ್ತೊಮ್ಮೆ ಓದಲಿ, ಮರುದಿನ ತರಗತಿಯಲ್ಲಿ ಹಾಜರಿ ಕರೆಯುವಾಗ ಹೆಸರಿನೊಡನೆ ಮುಖವನ್ನೂ ನೋಡಲಿ.