ಬಿಲ್ಲು ಹುಟ್ಟುವುದು ಸೀಳಿನಲ್ಲಿ

ಒಳ್ಳೆಯ ಬಿಲ್ಲಿನ ಅರ್ಧ ಕೆಲಸ ಮರ ಸೀಳುವಾಗಲೇ ಮುಗಿದಿರುತ್ತದೆ. ಉಳಿದದ್ದು ಹೆರೆಯುವುದು, ಬಗ್ಗಿಸಿ ಹದ ನೋಡುವುದು, ಹೆದೆ ಕಟ್ಟುವುದು. ಮೊದಲರ್ಧ ಕೆಟ್ಟರೆ ಎಂಥ ಕುಶಲಿಯೂ ಅದನ್ನು ಆಮೇಲೆ ಸರಿಪಡಿಸಲಾರ. ಹಾಗಾಗಿ ತನ್ನ ಬಿಲ್ಲಿನ ಮರವನ್ನು ತಾನೇ ಆರಿಸಿ, ಕಡಿದು, ಸೀಳಿ, ನೆರಳಲ್ಲಿ ಒಣಗಿಸಿಕೊಳ್ಳುವ ಹಳೆಯ ಪದ್ಧತಿಯನ್ನು ಬರೀ ಹವ್ಯಾಸವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಪದ್ಧತಿಯ ತಿರುಳಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಒಪ್ಪಿಗೆಯಾಗದ್ದು ನಮ್ಮ ಆಸಕ್ತರು ಅದನ್ನು ಕಲಿಯುತ್ತಿರುವ ದಾರಿ. ಯುರೋಪಿನ ಯೂ ಮರ, ಅಮೆರಿಕದ ಓಸೇಜ್ ಆರೆಂಜ್ ಮರಗಳ ಗುಣಾವಗುಣ ಅವರಿಗೆ ಬಾಯಿಪಾಠ. ಕಾಶಿಯ ಭೇಲೂಪುರದ ರಸ್ತೆಯಲ್ಲಿ, ಕರ್ನಾಟಕದ ಮೇದಾರ ಓಣಿಗಳಲ್ಲಿ ಹಗಲು ಬೆಳಕಲ್ಲೇ ನಡೆಯುವ ಸೀಳುವ ವಿದ್ಯೆ ಅವರ ಲೆಕ್ಕಕ್ಕೆ ಬಂದಿಲ್ಲ.

ಮೊದಲು ಪದ್ಧತಿಯ ಬಲವನ್ನು ನೋಡೋಣ. ಮರದ ನಾರು ಬೇರಿನಿಂದ ತುದಿಗೆ ನೆಟ್ಟಗೆ ಏರುವುದು ಅಪರೂಪ. ಅದು ತಿರುಚಿಕೊಂಡು ಏರುತ್ತದೆ, ಗಂಟು ಬಂದಲ್ಲಿ ಬಳಸಿಕೊಂಡು ಹೋಗುತ್ತದೆ. ಗರಗಸಕ್ಕೆ ಇದರ ಪರಿವೆಯಿಲ್ಲ. ನೇರ ಗೆರೆಯಲ್ಲಿ ಕೊಯ್ದು, ಅಡ್ಡ ಸಿಕ್ಕ ನಾರನ್ನೆಲ್ಲ ತುಂಡರಿಸುತ್ತದೆ. ಹಲಗೆ ಕಣ್ಣಿಗೆ ನೆಟ್ಟಗಿದ್ದರೂ ಅದರೊಳಗಿನ ನಾರು ಅರ್ಧ ದಾರಿಯಲ್ಲೇ ಮುಗಿದಿರುತ್ತದೆ. ಬಿಲ್ಲನ್ನು ಸೆಳೆದಾಗ ಗುರಿಯ ಕಡೆಗಿನ ಬೆನ್ನು ಹಿಗ್ಗುತ್ತದೆ, ನಮ್ಮ ಕಡೆಗಿನ ಹೊಟ್ಟೆ ಕುಗ್ಗುತ್ತದೆ. ಹಿಗ್ಗುವ ಬೆನ್ನಿನ ಮೇಲೆ ಕತ್ತರಿಸಿದ ನಾರಿನ ತುದಿಯೊಂದು ಇದ್ದರೆ ಅಲ್ಲಿಂದಲೇ ಸಿಬಿರು ಏಳುತ್ತದೆ, ಬಿಲ್ಲು ಅಲ್ಲೇ ಮುರಿಯುತ್ತದೆ. ಬೆಣೆ ಇಟ್ಟು ಕೊಡತಿಯಿಂದ ಹೊಡೆದಾಗ ಮರ ತನ್ನ ನಾರಿನ ಜಾಡಿನಲ್ಲೇ ಬಿರಿಯುತ್ತದೆ. ಹಾಗೆ ಬಂದ ಸೀಳು ಸ್ವಲ್ಪ ಸೊಟ್ಟಗಿರಬಹುದು, ಅದರ ಬಿಲ್ಲೂ ಸೊಟ್ಟಗಿರಬಹುದು, ಆದರೆ ನಾರು ಈ ತುದಿಯಿಂದ ಆ ತುದಿಗೆ ಅಖಂಡವಾಗಿರುತ್ತದೆ. ಮರ ತೀರಾ ತಿರುಚಿ ಬೆಳೆದಿದ್ದರೆ ಮೊದಲ ಬೆಣೆಗೇ ಗೊತ್ತಾಗುತ್ತದೆ. ವಾರಗಟ್ಟಲೆ ಹೆರೆದ ಮೇಲೆ ಮರದ ದೋಷ ತಿಳಿಯುವ ಸಂಕಟ ಸೀಳಿದವರಿಗಿಲ್ಲ.

ಈ ಅರಿವು ಎಷ್ಟು ಹಳೆಯದೆಂಬುದಕ್ಕೆ ಸಾಕ್ಷಿ ಇದೆ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಡಿ ಸಿಕ್ಕ, ಸುಮಾರು 5,300 ವರ್ಷಗಳ ಹಿಂದೆ ಸತ್ತ ಮನುಷ್ಯನ ಜೊತೆ ಯೂ ಮರದ ಬಿಲ್ಲೊಂದಿತ್ತು. ಓಟ್ಜಿ ಎಂದು ಹೆಸರಾದ ಆತ ಸಾಯುವ ಹೊತ್ತಿಗೆ ಬಿಲ್ಲು ಇನ್ನೂ ಪೂರ್ತಿಯಾಗಿರಲಿಲ್ಲ, ಕೆತ್ತಿದ ಗುರುತುಗಳು ಹಾಗೇ ಉಳಿದಿವೆ. ತಾಮ್ರದ ಕೊಡಲಿಯೂ ಅವನ ಹತ್ತಿರವೇ ಇತ್ತು. ಬಿಲ್ಲಿನ ಉದ್ದ ಸುಮಾರು 1.82 ಮೀಟರ್. ಮನುಷ್ಯರ ಬಿಲ್ಲಿಗೆ ನಮ್ಮ ಧನುರ್ವೇದ ಗ್ರಂಥಗಳು ಹೇಳುವ ಅಳತೆ ನಾಲ್ಕು ಮೊಳ, ಮೊಳಕ್ಕೆ 24 ಅಂಗುಲ. ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಅದೇ ಉದ್ದ ಬರುತ್ತದೆ.

ಇದೇ ಪದ್ಧತಿ ದೇಶದೇಶಗಳ ದುರಾಸೆಗೆ ಸಿಕ್ಕಾಗ ಏನಾಯಿತು ಎಂಬುದನ್ನೂ ಹೇಳಬೇಕು. ಇಂಗ್ಲೆಂಡಿನ ಸೈನ್ಯಕ್ಕೆ ಬಿಲ್ಲು ಬೇಕಾಗಿ, 1472ರ ಕಾನೂನು ಆ ದೇಶದ ಬಂದರಿಗೆ ಬರುವ ವ್ಯಾಪಾರಿ ಹಡಗುಗಳು ಸರಕಿನ ಪ್ರತಿ ಟನ್ನಿಗೆ ನಾಲ್ಕು ಬಿಲ್ಲುಮರಗಳನ್ನು ತರಬೇಕೆಂದು ವಿಧಿಸಿತು. ಮುಂದಿನ ಶತಮಾನದಲ್ಲಿ ಯುರೋಪಿನ ಯೂ ಕಾಡುಗಳು ಬರಿದಾಗುತ್ತ ಹೋದವು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಇಂಗ್ಲೆಂಡಿನ ಯುದ್ಧಹಡಗು ಮೇರಿ ರೋಸ್‌ನೊಳಗೆ ನೂರಕ್ಕೂ ಹೆಚ್ಚು ಯೂ ಬಿಲ್ಲುಗಳು ಸಿಕ್ಕವು, ಅವುಗಳ ಕುಶಲತೆಯನ್ನು ಇಂದಿಗೂ ಕೊಂಡಾಡುತ್ತಾರೆ. ನನಗೆ ಅವುಗಳಿಗಿಂತ ದೊಡ್ಡ ಕೆಲಸವಾಗಿ ಕಾಣುವುದು ಅಮೆರಿಕದ ನೆವಾಡಾ ಪ್ರಾಂತದ ಮೂಲನಿವಾಸಿಗಳದ್ದು. ಅವರು ಜೂನಿಪರ್ ಮರವನ್ನು ಉರುಳಿಸುತ್ತಿರಲಿಲ್ಲ. ನಿಂತ ಮರದ ಮೇಲೆ ಬಿಲ್ಲಿನಷ್ಟು ಉದ್ದ ಗುರುತಿಸಿ, ಮೇಲೆ ಕೆಳಗೆ ಕಚ್ಚು ಹಾಕಿ, ನಡುವಿನ ಭಾಗ ಅಲ್ಲೇ ಒಣಗಲು ಬಿಟ್ಟು, ಆಮೇಲೆ ಸೀಳಿ ತೆಗೆಯುತ್ತಿದ್ದರು. ಮರ ಗಾಯ ಮಾಯಿಸಿಕೊಂಡು ಬೆಳೆಯುತ್ತಿತ್ತು. ಆ ಗಾಯದ ಗುರುತಿರುವ ಮರಗಳು ಇಂದಿಗೂ ಅಲ್ಲಿವೆ. ಸ್ವಂತ ಮರ ಕಡಿಯುವ ಹೆಮ್ಮೆಯವರು ಇದನ್ನು ಮೊದಲು ಓದಬೇಕು.

ಇನ್ನು ನಮ್ಮ ಗ್ರಂಥಗಳಿಗೆ ಬರೋಣ. ಕೌಟಿಲ್ಯನ ಅರ್ಥಶಾಸ್ತ್ರ ಬಿಲ್ಲುಗಳನ್ನು ತಾಳೆ, ಬಿದಿರು, ಮರ, ಕೊಂಬು ಎಂದು ವಸ್ತುವಿನ ಮೇಲೆ ವಿಂಗಡಿಸುತ್ತದೆ. ಹೆದೆಗೆ ಎಕ್ಕದ ನಾರು, ಸೆಣಬು, ಬಿದಿರು, ಸ್ನಾಯು ಮುಂತಾದವನ್ನು ಹೆಸರಿಸುತ್ತದೆ. ಅಗ್ನಿಪುರಾಣ ಬಿಲ್ಲಿಗೆ ಆಗುವ ಮರಗಳ ಪಟ್ಟಿ ಕೊಟ್ಟು, ಶರದೃತುವಿನಲ್ಲಿ ಕಡಿದ ಬಿದಿರಿನದೇ ಎಲ್ಲಕ್ಕಿಂತ ಶ್ರೇಷ್ಠ ಎನ್ನುತ್ತದೆ. ಇದು ಸುಮ್ಮನೆ ಹೇಳಿದ ಮಾತಲ್ಲ. ಮಳೆಗಾಲದಲ್ಲಿ ಕಳಲೆ ಮೊಳೆತು ಬೆಳೆಯುವಾಗ ಹಳೆಯ ಬೊಂಬುಗಳಲ್ಲಿ ಕೂಡಿಟ್ಟ ಪಿಷ್ಟ ಖರ್ಚಾಗುತ್ತದೆ. ಮಳೆ ನಿಂತ ಮೇಲೆ ಕಡಿದ ಬಿದಿರಿನಲ್ಲಿ ಕುಟ್ಟೆ ಹುಳುವಿಗೆ ತಿನ್ನಲು ಕಡಿಮೆ ಸಿಗುತ್ತದೆ, ಮುಂದೆ ಬರುವ ಚಳಿಗಾಲ ಅದನ್ನು ನಿಧಾನವಾಗಿ ಒಣಗಿಸುತ್ತದೆ. ಅಮಾವಾಸ್ಯೆಯ ಆಸುಪಾಸಿನಲ್ಲಿ ಕಡಿಯಬೇಕೆಂಬ ಹಳ್ಳಿಯ ನಂಬಿಕೆಗಿಂತ ಈ ಋತುವಿನ ಮಾತಿಗೆ ನಾನು ಹೆಚ್ಚು ತೂಕ ಕೊಡುತ್ತೇನೆ.

ವಸಿಷ್ಠನ ಹೆಸರಿನ ಧನುರ್ವೇದ ಇನ್ನೂ ಸೂಕ್ಷ್ಮ. ಎಳೆಯ ಬಿದಿರು ಮುರಿಯುತ್ತದೆ, ಬಹಳ ಹಳೆಯದು ಗಡಸಾಗಿರುತ್ತದೆ, ಸುಟ್ಟದ್ದು, ತೂತಾದದ್ದು ಬೇಡ ಎನ್ನುವ ಈ ಗ್ರಂಥ ಗೆಣ್ಣುಗಳ ಲೆಕ್ಕವನ್ನೂ ಹೇಳುತ್ತದೆ. ಮೂರು, ಐದು, ಏಳು, ಒಂಬತ್ತು ಗೆಣ್ಣು ಶುಭ, ನಾಲ್ಕು, ಆರು, ಎಂಟು ವರ್ಜ್ಯ. ಶಕುನದ ಮಾತೆಂದು ಇದನ್ನು ದಾಟಿ ಹೋಗುವವರೇ ಹೆಚ್ಚು. ಬಿದಿರನ್ನು ಕೈಯಲ್ಲಿ ಹಿಡಿದು ಯೋಚಿಸಿದರೆ ಬೇರೆ ಅರ್ಥ ಹೊಳೆಯುತ್ತದೆ. ಗೆಣ್ಣುಗಳು ಬೆಸಸಂಖ್ಯೆಯಲ್ಲಿದ್ದರೆ ಒಂದು ಗೆಣ್ಣು ನಟ್ಟನಡುವೆ, ಹಿಡಿಯ ಜಾಗಕ್ಕೆ ಬರುತ್ತದೆ. ಅಲ್ಲಿ ಬಿಲ್ಲು ಬಾಗಬೇಕಿಲ್ಲ, ಆದ್ದರಿಂದ ಗೆಣ್ಣಿನ ಗಡಸು ಅಲ್ಲಿ ಅನುಕೂಲವೇ. ಉಳಿದವು ಎರಡೂ ತೋಳುಗಳಲ್ಲಿ ಸಮನಾಗಿ ಹಂಚಿಹೋಗುತ್ತವೆ. ಸಮಸಂಖ್ಯೆಯಾದರೆ ಹಿಡಿಗೆ ಗೆಣ್ಣಿಲ್ಲ, ಹಿಡಿಗೆ ಗೆಣ್ಣು ತಂದರೆ ತೋಳುಗಳ ಸಮತೋಲ ತಪ್ಪುತ್ತದೆ. ಕೊರಳಿನಲ್ಲೂ ಬುಡದಲ್ಲೂ ಗೆಣ್ಣು ಇರಬಾರದೆಂಬ ಅದೇ ಗ್ರಂಥದ ನಿಯಮವನ್ನು ಜೊತೆಗಿಟ್ಟು ಓದಿದರೆ ನನಗಂತೂ ಇದರಲ್ಲಿ ಶಕುನಕ್ಕಿಂತ ಅನುಭವ ಹೆಚ್ಚು ಕಾಣುತ್ತದೆ. ಗ್ರಂಥದ ಕೊರತೆ ಬೇರೆಡೆ ಇದೆ. ಆರಿಸುವುದರ ಬಗ್ಗೆ ಇಷ್ಟೆಲ್ಲ ಹೇಳಿದ್ದು ಸೀಳುವ ಕೈಯ ಬಗ್ಗೆ ಅಷ್ಟಾಗಿ ಮಾತಾಡುವುದಿಲ್ಲ. ಬರೆದವರು ಒಂದು ವರ್ಗ, ಸೀಳಿದವರು ಇನ್ನೊಂದು.

ಆ ಇನ್ನೊಂದು ವರ್ಗವನ್ನು ನೋಡಬೇಕಾದರೆ ಭೇಲೂಪುರಕ್ಕೆ ಬರಬೇಕು. ಜೈನರಿಗೆ ಇದು ಪಾರ್ಶ್ವನಾಥ ತೀರ್ಥಂಕರರು ಹುಟ್ಟಿದ ಪುಣ್ಯಸ್ಥಳ. ಇಲ್ಲಿಂದ ಗಂಗೆಯ ಕಡೆ ನಡೆದರೆ, ರಾಘವಾಂಕನ ಕಾವ್ಯದಿಂದ ಕನ್ನಡಿಗರಿಗೆ ಹತ್ತಿರದವನಾದ ಹರಿಶ್ಚಂದ್ರನ ಹೆಸರಿನ ಘಾಟು ಸಿಗುತ್ತದೆ. ಅಲ್ಲಿಗೆ ಹೋಗುವ ಒಂದೊಂದು ಶವವೂ ಹೋಗುವುದು ಬಿದಿರ ಚಟ್ಟದ ಮೇಲೆ. ಚಟ್ಟ, ಏಣಿ, ಸಾರುವೆ, ಬುಟ್ಟಿ, ಬೀಸಣಿಗೆ ಎಂದು ಈ ಊರಿಗೆ ಬಿದಿರು ದಿನವೂ ಬೇಕು. ಪೂರ್ವ ಉತ್ತರ ಪ್ರದೇಶದಲ್ಲಿ ಈ ಕೆಲಸ ತಲೆಮಾರುಗಳಿಂದ ಮಾಡಿಕೊಂಡು ಬಂದವರು ಧರಕಾರ್ ಸಮುದಾಯದವರು. ಅವರು ಸೀಳುವುದನ್ನು ನಿಂತು ನೋಡಿ. ಕತ್ತಿಯನ್ನು ಬೊಂಬಿನ ತುದಿಗೆ ಇಟ್ಟು ಒಂದು ಏಟು, ಅಲ್ಲಿಂದ ಮುಂದೆ ಕತ್ತಿ ಬರೀ ದಾರಿ ತೋರುತ್ತದೆ. ಸೀಳು ಒಂದು ಪಕ್ಕಕ್ಕೆ ಓಡಿ ತೆಳ್ಳಗಾಗತೊಡಗಿದರೆ ದಪ್ಪಗಿರುವ ಪಕ್ಕವನ್ನು ಹೆಚ್ಚು ಬಗ್ಗಿಸುತ್ತಾರೆ, ಬಿರುಕು ತಾನಾಗಿ ನಡುವಿಗೆ ಮರಳುತ್ತದೆ. ಗೆಣ್ಣು ಬಂದಾಗ ಕೈ ನಿಧಾನವಾಗುತ್ತದೆ, ಏಕೆಂದರೆ ಅಲ್ಲಿ ನಾರು ಸುತ್ತಿಕೊಂಡಿರುತ್ತದೆ. ಹೊರಗಿನ ಹೊಳೆಯುವ ಸಿಪ್ಪೆಗೆ ಗೀರು ಬೀಳದಂತೆ ನೋಡಿಕೊಳ್ಳುತ್ತಾರೆ. ಬಿದಿರಿನ ಗಟ್ಟಿ ನಾರೆಲ್ಲ ಹೊರಪದರದಲ್ಲೇ ಒತ್ತಾಗಿರುವುದರಿಂದ ಬಿಲ್ಲಿನ ಬೆನ್ನು ಆಗಬೇಕಾದದ್ದು ಅದೇ ಸಿಪ್ಪೆ. ಬಿಲ್ಲು ಮಾಡಹೊರಟವರು ಕಲಿಯಬೇಕಾದ ಎಲ್ಲವೂ ಇಲ್ಲಿ ಬುಟ್ಟಿಯ ನೆಪದಲ್ಲಿ ನಡೆಯುತ್ತಿದೆ.

ನದಿಯಾಚೆ ರಾಮನಗರದಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ತಿಂಗಳ ರಾಮಲೀಲೆ ಶುರುವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕಾಶಿಯ ಅರಸರ ಆಶ್ರಯದಲ್ಲಿ ಬೆಳೆದ ಉತ್ಸವ ಅದು. ರಾಮಲೀಲೆಯ ಪರಂಪರೆ 2008ರಲ್ಲಿ ಯುನೆಸ್ಕೋ ಪಟ್ಟಿ ಸೇರಿದೆ. ಧನುರ್ಭಂಗದ ದಿನ ಜನ ಕಿಕ್ಕಿರಿಯುತ್ತಾರೆ. ಬಿಲ್ಲನ್ನು ಇಷ್ಟು ಪೂಜಿಸುವ ಊರಿನಲ್ಲಿ ಹಬ್ಬದ ಬೀದಿಯಲ್ಲಿ ಮಕ್ಕಳಿಗೆ ಸಿಗುವ ಬಿಲ್ಲು ಮಾತ್ರ ಹಸಿ ದಬ್ಬೆಗೆ ಬಣ್ಣದ ಕಾಗದ ಸುತ್ತಿದ್ದು. ಒಂದೆರಡು ಬಾರಿ ಎಳೆದರೆ ಬಾಗಿದ್ದು ಬಾಗಿದಂತೆಯೇ ಉಳಿಯುತ್ತದೆ. ಒಣಗಿದ ಬಿದಿರಿನ ಬಿಲ್ಲು ಹಿಂದಕ್ಕೆ ಪುಟಿಯುವುದನ್ನು ಆ ಮಕ್ಕಳು ಕೈಯಲ್ಲಿ ಹಿಡಿದು ಅರಿಯುವುದೇ ಇಲ್ಲ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಕರ್ನಾಟಕದಲ್ಲಿ ನಮ್ಮ ಸ್ಥಿತಿ ಇದಕ್ಕಿಂತ ಉತ್ತಮವಾಗಬಹುದಿತ್ತು. ಊರೂರಿನ ವೀರಗಲ್ಲುಗಳಲ್ಲಿ ಬಿಲ್ಲುಗಾರರಿದ್ದಾರೆ, ಬೇಲೂರಿನ ಮದನಿಕೆಯರಲ್ಲಿ ಬೇಟೆಗಾತಿ ಇದ್ದಾಳೆ. ಅಗ್ನಿಪುರಾಣದ ಪಟ್ಟಿಯಲ್ಲಿರುವ ಧನ್ವನ ಎಂದರೆ ನಮ್ಮ ಒಣ ಎಲೆಯುದುರುವ ಕಾಡುಗಳ ತಡಸಲು ಮರ, ಬಾಗಿದರೂ ಮುರಿಯದೆ ಪುಟಿಯುವ ಗುಣಕ್ಕೆ ಹೆಸರಾದದ್ದು. ಒಳಗೆ ಬಹುಪಾಲು ಗಟ್ಟಿಯಾಗಿಯೇ ಇರುವ ಕಿರುಬಿದಿರು ನಮ್ಮಲ್ಲಿದೆ. ಕರಾವಳಿ ಮಲೆನಾಡಿನ ಮನೆಮನೆಯಲ್ಲಿ ಅಡಿಕೆ ಮರ ಸೀಳಿ ದಬ್ಬೆ ಮಾಡಬಲ್ಲ ಕೈಗಳಿವೆ. ಎಲ್ಲಕ್ಕಿಂತ ಮಿಗಿಲಾಗಿ ಮೇದಾರರಿದ್ದಾರೆ. ಹನ್ನೆರಡನೆಯ ಶತಮಾನದ ಶರಣ ಮೇದಾರ ಕೇತಯ್ಯನವರು ಬಿದಿರು ಕಡಿದು ಬುಟ್ಟಿ ಹೆಣೆದು ಕಾಯಕ ನಡೆಸಿದವರು. ಬಿದಿರು ಎದೆಗೆ ನಾಟಿ ಅವರು ಪ್ರಾಣ ಬಿಟ್ಟರೆಂಬ ಕಥೆ ಪ್ರಚಲಿತವಾಗಿದೆ. ಮೆಳೆಗೆ ಕೊಡಲಿ ಹಾಕಿದ ಯಾರಿಗೂ ಈ ಕಥೆ ಅತಿಶಯೋಕ್ತಿ ಎನಿಸದು. ಒಂದಕ್ಕೊಂದು ಹೆಣೆದುಕೊಂಡು ಬಾಗಿ ನಿಂತ ಬೊಂಬು ಬುಡ ಕಡಿದ ಕೂಡಲೇ ಎತ್ತ ಚಿಮ್ಮುತ್ತದೆಂದು ಹೇಳಲಾಗದು. ಪುಸ್ತಕ ಓದಿ ಒಬ್ಬರೇ ಮೆಳೆಗೆ ನುಗ್ಗುವುದನ್ನು ನಾನು ಧೈರ್ಯವೆನ್ನಲಾರೆ.

ಕಾನೂನಿನ ಮಾತು ಬೇಸರ ತರಿಸಿದರೂ ಬಿಡುವಂತಿಲ್ಲ. 1927ರ ಅರಣ್ಯ ಕಾಯ್ದೆ ಬಿದಿರನ್ನು ಮರವೆಂದೇ ಎಣಿಸಿತ್ತು. 2017ರ ತಿದ್ದುಪಡಿ ಆ ವ್ಯಾಖ್ಯೆಯಿಂದ ಅದನ್ನು ಹೊರತೆಗೆಯಿತು, ಹೀಗಾಗಿ ಸ್ವಂತ ಜಮೀನಿನಲ್ಲಿ ಬೆಳೆದ ಬಿದಿರಿನ ಮೇಲಿನ ಬಿಗಿ ಸಡಿಲಾಯಿತು. ಕಾಡಿನ ಬಿದಿರು ಬೇರೆ ವಿಷಯ. 2006ರ ಅರಣ್ಯ ಹಕ್ಕು ಕಾಯ್ದೆ ಅದನ್ನು ಕಿರು ಅರಣ್ಯ ಉತ್ಪನ್ನವೆಂದು ಗುರುತಿಸಿ, ಅದರ ಮೇಲಿನ ಹಕ್ಕನ್ನು ಕಾಡಿನಲ್ಲಿ ಬಾಳುವ ಸಮುದಾಯಗಳಿಗೆ ಕೊಟ್ಟಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಹಕ್ಕು ಪಡೆದರು. ಅಂಥ ಹಕ್ಕಿಗಾಗಿ ಅವರು ಹೋರಾಡಬೇಕಾಯಿತು ಎಂಬುದು ಗೊತ್ತಿದ್ದೂ, ನಗರದಿಂದ ಕಾರಿನಲ್ಲಿ ಹೋಗಿ ಹವ್ಯಾಸಕ್ಕೆಂದು ತಡಸಲು ಮರ ಕಡಿದು ತರುವುದನ್ನು ಯಾವ ಪರಂಪರೆಯ ಹೆಸರಿನಲ್ಲೂ ಸಮರ್ಥಿಸಲಾಗದು. ಒಂದು ಬಿಲ್ಲಿಗಾಗಿ ನೆಟ್ಟಗೆ ಬೆಳೆದ ಒಂದು ಮರ ಹೋಗಬೇಕೆಂಬ ಲೆಕ್ಕ ನಮ್ಮ ಕಾಡಿಗೆ ಒಗ್ಗುವುದಿಲ್ಲ.

ಬಿದಿರಿನ ಲೆಕ್ಕ ಬೇರೆ. ಮೂರು ನಾಲ್ಕು ವರ್ಷದ ಬೊಂಬು ಕಡಿದರೆ ಮೆಳೆ ಸಾಯುವುದಿಲ್ಲ, ಮುಂದಿನ ಮಳೆಗೆ ಮತ್ತೆ ಕಳಲೆ ಬರುತ್ತದೆ. ಬೂದಿಬಣ್ಣದ ಪುಡಿಯೂ ಹಾಳೆಯೂ ಅಂಟಿಕೊಂಡಿದ್ದರೆ ಅದು ಎಳೆಯದು, ಬಿಟ್ಟುಬಿಡಬೇಕು. ಸಿಪ್ಪೆ ಮಾಸಿ, ಕಲೆ ಬಿದ್ದು, ತಟ್ಟಿದರೆ ಗಟ್ಟಿ ದನಿ ಕೊಡುವುದು ಬಲಿತದ್ದು. ನೆಲದ ಮೇಲಿನ ಮೊದಲ ಗೆಣ್ಣಿಗೆ ಒತ್ತಿಯೇ ಕಡಿಯಬೇಕು, ಇಲ್ಲದಿದ್ದರೆ ಮೋಟಿನಲ್ಲಿ ನೀರು ನಿಂತು ಬುಡ ಕೊಳೆಯುತ್ತದೆ. ಮರವಾದರೆ ಕಡಿದ ದಿನವೇ ಎರಡೂ ತುದಿಗೆ ಮೇಣ ಬಳಿಯಬೇಕು. ತುದಿಯಿಂದ ನೀರು ಬೇಗ ಆರಿ ಒಳಗೆ ನಿಂತುಬಿಟ್ಟರೆ ಬಿರುಕು ತುದಿಯಿಂದಲೇ ಓಡುತ್ತದೆ. ಬಿಸಿಲಿಗಿಟ್ಟು ಅವಸರ ಮಾಡಿದವರ ಮರವೆಲ್ಲ ಕೊನೆಗೆ ಒಲೆಗೇ ಹೋಗುತ್ತದೆ.

ಬಿದಿರ ಬಿಲ್ಲು ಕೀಳೆಂಬ ಭಾವನೆಯೂ ಸುಳ್ಳು. ನಮ್ಮ ರಾಷ್ಟ್ರೀಯ ಬಿಲ್ಲುಗಾರಿಕೆ ಸ್ಪರ್ಧೆಗಳಲ್ಲಿ ಇಂಡಿಯನ್ ರೌಂಡ್ ಎಂಬ ವಿಭಾಗವೇ ಇದೆ, ಅಲ್ಲಿ ಬಿದಿರ ಬಿಲ್ಲು ಹಿಡಿದೇ ಗುರಿಯಿಡುತ್ತಾರೆ. ರಾಜಸ್ಥಾನದ ಬುಡಕಟ್ಟಿನಿಂದ ಬಂದು 1988, 1992, 1996ರ ಮೂರು ಒಲಿಂಪಿಕ್ಸ್‌ಗಳಲ್ಲಿ ಭಾರತವನ್ನು ಪ್ರತಿನಿಧಿಸಿದ ಲಿಂಬಾ ರಾಮ್ ಬಿಲ್ಲು ಹಿಡಿಯಲು ಕಲಿತದ್ದೂ ಬಿದಿರಿನದರಲ್ಲೇ.

ಆದ್ದರಿಂದ ನನ್ನ ತೀರ್ಪು ಇದು. ಸ್ವಂತ ಮರ ಸೀಳಿ ಬಿಲ್ಲು ಮಾಡುವುದು ಉಳಿಯಬೇಕಾದ ವಿದ್ಯೆ, ಆದರೆ ನಮ್ಮ ನೆಲದಲ್ಲಿ ಅದರ ಮರ ಬಿದಿರು, ಅದರ ಗುರು ಬುಟ್ಟಿ ಹೆಣೆಯುವವರು. ಕಲಿಯಬೇಕೆನ್ನುವವರು ಈ ಮಳೆಗಾಲ ಮುಗಿಯುವಷ್ಟರಲ್ಲಿ ಹತ್ತಿರದ ಒಬ್ಬ ಮೇದಾರರ ಬಳಿ ಹೋಗಿ ಕೂತುಕೊಳ್ಳಿ, ಅವರ ಕತ್ತಿಯಿಂದಲೇ ಮೊದಲ ಬೊಂಬು ಸೀಳಿ, ಕಲಿಸಿದ ದಿನಗಳಿಗೆ ಪೂರ್ತಿ ಕೂಲಿ ಕೊಟ್ಟು ಬನ್ನಿ.