‘ಜಾಲಿ’: ಒಂದು ಶಬ್ದವಿಚಾರ

ಲಿಂಗಂಪಲ್ಲಿಯ ಕನ್ನಡ ಮನೆಗಳಲ್ಲಿ ನಿತ್ಯವೂ ಕೇಳಿಬರುವ ಇಂಗ್ಲಿಷ್ ವಿಶೇಷಣಗಳಲ್ಲಿ ‘ಜಾಲಿ’ ಎಂಬುದೊಂದು. ‘ಅವರು ಬಹಳ ಜಾಲಿ ಮನುಷ್ಯರು’ ಎಂದು ನಾವು ಹೊಗಳುತ್ತೇವೆ. ನೆರೆಯ ತೆಲುಗರು ಇದನ್ನು ಕೇಳಿದರೆ ಯಾವನೋ ದೀನನನ್ನು ನೆನೆದಾರು. ತೆಲುಗಿನಲ್ಲಿ ಜಾಲಿಯೆಂದರೆ ಮರುಕ. ಇಂಗ್ಲಿಷಿನ ಶಬ್ದವನ್ನು ಅವರು ‘ಜಾಲೀಗಾ’ ಎಂದು ದೀರ್ಘವೆಳೆದು ಬೇರ್ಪಡಿಸಿಕೊಂಡಿದ್ದಾರೆ. ದಖನಿಯನ್ನಾಡುವವರಿಗೆ ಜಾಲಿಯೆಂದರೆ ಖೋಟಾ. ಬ್ಯಾಂಕಿನ ಕೌಂಟರಿನಲ್ಲಿ ‘ಜಾಲಿ ನೋಟ್’ ಎಂಬ ಮಾತು ಕಿವಿಗೆ ಬಿದ್ದಾಗ ಉಲ್ಲಾಸಪಟ್ಟ ಅಧಿಕಾರಿಯನ್ನು ನಾನಿನ್ನೂ ಕಂಡಿಲ್ಲ.

ಕನ್ನಡದ ಸ್ವಂತ ಜಾಲಿಯಾದರೋ ಮುಳ್ಳುಮರ. ಕಿಟೆಲ್ಲರ 1894ರ ನಿಘಂಟು ಹೇಳುವುದೂ ಅದನ್ನೇ. ರಾಯಚೂರು, ಕಲಬುರಗಿಗಳ ಕಡೆಯಿಂದ ಬಂದವರಿಗೆ ಕರಿಜಾಲಿ, ಬಳ್ಳಾರಿಜಾಲಿಗಳನ್ನು ಪರಿಚಯಿಸಬೇಕಾಗಿಲ್ಲ. ಪುರಂದರದಾಸರು ದುರ್ಜನರನ್ನು ಹೋಲಿಸಿದ್ದು ಈ ಮರಕ್ಕೇ. ಆ ಲೆಕ್ಕದಲ್ಲಿ ‘ಜಾಲಿ ಮನುಷ್ಯ’ನು ದೂರದಿಂದಲೇ ಕೈಮುಗಿಯಬೇಕಾದವನು!

ಇಂಗ್ಲಿಷಿನ ಶಬ್ದವು ಹಳೆಯ ಫ್ರೆಂಚಿನ ‘ಜೊಲಿಫ್’ ಎಂಬುದರಿಂದ ಬಂದುದು. ಅದರಾಚೆಗಿನ ಮೂಲವನ್ನು ಉತ್ತರ ಯುರೋಪಿನ ಚಳಿಗಾಲದ ಹಬ್ಬವಾದ ‘ಯೋಲ್’ನಲ್ಲಿ ಕೆಲವರು ಕಾಣುತ್ತಾರೆ, ವಿದ್ವಾಂಸರಲ್ಲಿ ಒಮ್ಮತವಿಲ್ಲ. 14ನೆಯ ಶತಮಾನದ ಚಾಸರನ ಕಾಲಕ್ಕೆ ಉಲ್ಲಾಸದೊಡನೆ ಬೆಡಗು, ಶೃಂಗಾರಗಳೂ ಅದರ ಅರ್ಥದಲ್ಲಿ ಸೇರಿದ್ದವು. ಮುಂದೆ ಅಣ್ಣತಮ್ಮಂದಿರು ಪಾಲಾದಂತೆ ಫ್ರೆಂಚರು ಚೆಲುವನ್ನು ಇಟ್ಟುಕೊಂಡರು, ಇಂಗ್ಲಿಷರು ನಲಿವನ್ನು. ‘ಜಾಲಿ ಗುಡ್’ ಎಂಬಲ್ಲಿ ಅದು ‘ಬಹಳ’ ಎಂಬಷ್ಟೇ ಅರ್ಥಕ್ಕೆ ಇಳಿಯಿತು. ಈ ಪ್ರಯೋಗ ನಮ್ಮಲ್ಲಿ ಬೇರೂರಲಿಲ್ಲ.

ನಮ್ಮಲ್ಲಿ ಬೇರೂರಿದ್ದು ಯಾವುದು? ‘ಜಾಲಿ ಎಂದರೆ ಉಲ್ಲಾಸ’ ಎಂದು ಬರೆದು ಕೈತೊಳೆದುಕೊಂಡರೆ ಅದು ಇಂಗ್ಲಿಷ್ ಶಬ್ದಕ್ಕೆ ಅರ್ಥ ಹೇಳಿದಂತಾಯಿತೇ ಹೊರತು ಕನ್ನಡದ ಬಳಕೆಯನ್ನು ವಿವರಿಸಿದಂತಾಗಲಿಲ್ಲ. ಜ್ವರ ಬಿಟ್ಟ ಮಗು ‘ಗೆಲುವಾಯಿತು’ ಎನ್ನುತ್ತೇವೆ. ‘ಜಾಲಿಯಾಯಿತು’ ಎಂದು ಯಾವ ತಾಯಿಯೂ ಅನ್ನಳು. ‘ಓದು ಬಿಟ್ಟು ಜಾಲಿಯಾಗಿ ತಿರುಗುತ್ತಿದ್ದಾನೆ’ ಎಂದು ತಂದೆಯು ನುಡಿದಾಗ ಅದು ಪ್ರಶಂಸೆಯಲ್ಲ, ದೂರು. ಹೊಣೆಯ ಭಾರವಿಲ್ಲದ ಸುಖ, ಅದರ ಬಗೆಗೆ ನೋಡುವವರ ತುಸು ಅಸೂಯೆ, ತುಸು ಅಸಮ್ಮತಿ: ಕನ್ನಡದ ಜಾಲಿಯ ತಿರುಳು ಇದು. ಆದಕಾರಣ ಈ ಶಬ್ದವನ್ನು ಗಡಿಪಾರು ಮಾಡಬೇಕೆನ್ನುವವರೊಡನೆ ನಾನು ದನಿಗೂಡಿಸಲಾರೆ. ಅದು ಬೇರೊಂದು ಶಬ್ದ ಮಾಡದ ಕೆಲಸವನ್ನು ಮಾಡುತ್ತಿದೆ.

ನನ್ನ ಆಕ್ಷೇಪ ಬೇರೆ. ಈ ನಗರದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳ ಬಾಯಲ್ಲಿ ರಜೆಯೂ ಜಾಲಿ, ಚಲನಚಿತ್ರವೂ ಜಾಲಿ, ಅಜ್ಜನೂ ಜಾಲಿ. ಬಂದ ಅತಿಥಿ ಒಂದು ಕೋಣೆಗೆ ತೃಪ್ತನಾಗದೆ ಲವಲವಿಕೆ, ನಲಿವು, ಹಸನ್ಮುಖಗಳನ್ನೆಲ್ಲ ಜಗಲಿಗೆ ದೂಡಿದ್ದಾನೆ. ಕಳೆದ ಯುಗಾದಿಗೆ ಊರಿನಿಂದ ಬಂದ ಅಜ್ಜಿಯೊಬ್ಬರು ಮೊಮ್ಮಗಳ ತಲೆ ನೇವರಿಸಿ, ‘ಗೆಲುವಾಗಿದ್ದೀಯೇನವ್ವಾ?’ ಎಂದು ಕೇಳಿದರು. ಹುಡುಗಿ ಕ್ಷಣಕಾಲ ಯೋಚಿಸಿ, ‘ಯಾವ ಆಟದಲ್ಲಿ, ಅಜ್ಜಿ?’ ಎಂದಳು.